ಮೂರನೆಯ ಸಲ ಕೇಳಿದ ಪ್ರಶ್ನೆ

ಇದು ಎಲ್ಲ ಊರಿನಲ್ಲೂ ಇರುವ ಕಷ್ಟ. ನಾವು ಮತ ಹಾಕಿ ಕಳಿಸಿದ ಮನುಷ್ಯ ಊರಿಗೆ ಬರುತ್ತಾನೆ. ಅವನು ಬರುವ ಮೊದಲು ಕೇಳಬೇಕಾದದ್ದು ಬೇಕಾದಷ್ಟು ಇರುತ್ತದೆ. ಬಂದು ಹೋದ ಮೇಲೂ ಅದೆಲ್ಲ ಹಾಗೇ ಇರುತ್ತದೆ. ನಡುವೆ ಏನು ನಡೆಯಿತು ಎಂದು ನೋಡಿದರೆ ಊಟ ನಡೆದಿರುತ್ತದೆ, ಫೋಟೊ ತೆಗೆದಿರುತ್ತಾರೆ, ಚಪ್ಪಾಳೆ ಬಿದ್ದಿರುತ್ತದೆ.

ಅಮೆರಿಕದ ಮಿನ್ನೆಸೋಟ ರಾಜ್ಯದ ನೋರ್ಬಿ ಊರಿನಲ್ಲೂ ಹಾಗೇ ಆಯಿತು. ಬೇರೆ ಕಡೆಗಿಂತ ಸ್ವಲ್ಪ ಹೆಚ್ಚಾಗಿಯೇ ಆಯಿತು ಅನ್ನಬೇಕು, ಏಕೆಂದರೆ ನೋರ್ಬಿಯವರ ಮರ್ಯಾದೆ ಸ್ವಲ್ಪ ಅತಿ. ಅಲ್ಲಿ ಯಾರ ಮನೆಗೆ ಹೋದರೂ ಕಾಫಿ ಕುಡಿಯುತ್ತೀರಾ ಎಂದು ಕೇಳುತ್ತಾರೆ. ಬೇಡ ಅನ್ನಬೇಕು. ಮತ್ತೆ ಕೇಳುತ್ತಾರೆ. ನಿಮಗೆ ಯಾಕೆ ತೊಂದರೆ, ಬೇಡ ಅನ್ನಬೇಕು. ಮೂರನೆಯ ಸಲ ಕೇಳಿದಾಗ, ಸರಿ ಹಾಗಾದರೆ, ಅರ್ಧ ಲೋಟ ಸಾಕು ಅನ್ನಬೇಕು. ತುಂಬಿದ ಲೋಟವೇ ಬರುತ್ತದೆ. ಮೊದಲ ಸಲಕ್ಕೇ ಬೇಕು ಎಂದವರನ್ನು ಹೊರಗಿನವರು ಎಂದುಕೊಳ್ಳುತ್ತಾರೆ. ಎರಡೇ ಸಲ ಕೇಳಿ ಬಿಟ್ಟವಳಿಗೆ ಜಿಪುಣಿ ಎಂಬ ಹೆಸರು ಬರುತ್ತದೆ, ಅದೂ ಅವಳು ಕಣ್ಣಿಗೆ ಮರೆಯಾದ ಮೇಲೆ.

ಆರ್ಲಿಸ್ ಟೋಲೆಫ್ಸನ್ ಈ ಮರ್ಯಾದೆಯಲ್ಲೇ ಹುಟ್ಟಿ ಬೆಳೆದವಳು. ಶಾಲೆಯ ಅಡುಗೆಮನೆಯ ಮೇಲ್ವಿಚಾರಣೆ ಅವಳದು. ಗಂಡ ವರ್ಲಿನ್ ಟರ್ಕಿ ಕೋಳಿಯ ಕಾರ್ಖಾನೆಯಲ್ಲಿ ಮಾಂಸ ಬಿಡಿಸುವ ಸಾಲಿನಲ್ಲಿ ನಿಂತು ಕೆಲಸ ಮಾಡುವವನು. ಒದ್ದೆ ಸಿಮೆಂಟಿನ ನೆಲ, ಮೈ ಕೊರೆಯುವ ತಂಪು, ದಿನವಿಡೀ ನಿಂತೇ ಇರಬೇಕು. ಅವನ ಎರಡೂ ಮಂಡಿ ಸವೆದು ಹೋಗಿದ್ದವು. ವಯಸ್ಸು ಅರವತ್ತನಾಲ್ಕು. ಅರವತ್ತೇಳಕ್ಕೆ ಪೂರ್ತಿ ಪಿಂಚಣಿ ಸಿಗುತ್ತದೆ, ಅಲ್ಲಿವರೆಗೆ ಹೇಗೋ ಹಲ್ಲು ಕಚ್ಚಿ ನಿಂತುಬಿಡುತ್ತೇನೆ ಎಂದು ಅವನು ಲೆಕ್ಕ ಹಾಕಿದ್ದ. ಬೇಗ ಬಿಡಲು ಕಾನೂನು ಅಡ್ಡಿ ಮಾಡುವುದಿಲ್ಲ. ಆದರೆ ಬೇಗ ಬಿಟ್ಟವರಿಗೆ ಪಿಂಚಣಿ ಕಡಿಮೆ, ಆ ಕಡಿಮೆ ಸಾಯುವವರೆಗೂ ಕಡಿಮೆಯೇ.

ಆ ವರ್ಷ ವಾಷಿಂಗ್ಟನ್ನಿನಲ್ಲಿ ಒಂದು ಮಸೂದೆ ಎದ್ದಿತ್ತು. ಇನ್ನೂ ಅರವತ್ತೈದು ತುಂಬದವರಿಗೆಲ್ಲ ಪೂರ್ತಿ ಪಿಂಚಣಿಯ ವಯಸ್ಸನ್ನು ಅರವತ್ತೊಂಬತ್ತಕ್ಕೆ ಏರಿಸಬೇಕು ಎಂಬ ಮಸೂದೆ. ನೋರ್ಬಿಯ ಸಂಸದ ಕೆಂಟ್ ಓಸ್ಟ್ರಾಂಡರ್ ಅದರ ಪರವಾಗಿದ್ದಾನೆ ಎಂದು ಕೆಲವರು ಹೇಳುತ್ತಿದ್ದರು. ಇರಲಿಕ್ಕಿಲ್ಲ ಎಂದು ಕೆಲವರು ಹೇಳುತ್ತಿದ್ದರು. ಅವನನ್ನೇ ಕೇಳಿದ್ದರೆ ಗೊತ್ತಾಗುತ್ತಿತ್ತು.

ಶರತ್ಕಾಲದಲ್ಲಿ ಅವನು ಬಂದಾಗ ಚರ್ಚಿನ ನೆಲಮಾಳಿಗೆಯಲ್ಲಿ ಸಭೆ ಸೇರಿತ್ತು. ಒಂದು ಗಂಟೆಯ ಸಭೆ. ಊರಿನ ಹೆಂಗಸರು ಉದ್ದನೆಯ ಮೇಜು ತುಂಬ ತಿಂಡಿ ಹರಡಿದ್ದರು. ಆರ್ಲಿಸ್ ತನ್ನ ಹಾಟ್‌ಡಿಶ್ ಮಾಡಿ ತಂದಿದ್ದಳು. ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ, ಮೇಲ್ಪದರ ಕೆಂಪಗೆ ಗರಿಗರಿಯಾಗುವವರೆಗೆ ಓವನ್ನಿನಲ್ಲಿ ಬೇಯಿಸಿದ್ದಳು. ಕೆಂಟ್ ಒಳ್ಳೆಯ ಮನುಷ್ಯ, ನಗುಮುಖದವನು, ಪಕ್ಕದ ತಾಲ್ಲೂಕಿನ ಬೀಜದ ಅಂಗಡಿಯವರ ಮಗ. ಎಲ್ಲರ ಕೈ ಕುಲುಕಿದ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿಂದ. ಹಿರಿಯರನ್ನು ಗೌರವಿಸುವುದು ನಮ್ಮ ಧರ್ಮ ಎಂದು ಮಾತಾಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಶ್ನೆಗಳಿವೆಯೇ ಎಂದು ಪಾದ್ರಿಗಳು ಕೇಳುವ ಹೊತ್ತಿಗೆ ಗಂಟೆ ಮುಗಿದಿತ್ತು. ಯಾರೂ ಎದ್ದು ನಿಲ್ಲಲಿಲ್ಲ. ಊಟದ ತಟ್ಟೆ ಕೈಯಲ್ಲಿರುವವನನ್ನು ಅಡ್ಡ ಪ್ರಶ್ನೆ ಕೇಳುವುದು ನೋರ್ಬಿಯಲ್ಲಿ ಯಾರಿಗೂ ಆಗದ ಕೆಲಸ. ಆರ್ಲಿಸ್ ಅವನಿಗೆ ಇನ್ನೊಂದು ಸಲ ಬಡಿಸಿ, ಮತ್ತೆ ಬನ್ನಿ ಎಂದು ಬೀಳ್ಕೊಟ್ಟಳು.

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೊರಡುವ ಮೊದಲು ರೇಡಿಯೋ ಹಾಕಿದಳು. ಕೆಂಟ್‌ನ ದನಿ ಬಂತು. ಹೌದು, ತಾನು ಆ ಮಸೂದೆಯ ಬಗ್ಗೆ ಯೋಚಿಸುತ್ತಿದ್ದೇನೆ, ಕ್ಷೇತ್ರದ ಜನರಿಗೆ ಅದರಿಂದ ಬೇಸರವೇನೂ ಇಲ್ಲ ಎಂದು ಅವನು ಹೇಳುತ್ತಿದ್ದ. ನಿನ್ನೆ ನೋರ್ಬಿಯಲ್ಲಿದ್ದೆ, ಒಬ್ಬರೂ ಒಂದು ಆಕ್ಷೇಪ ಎತ್ತಲಿಲ್ಲ, ಬದಲಿಗೆ ಒಬ್ಬ ತಾಯಿ ಎರಡೆರಡು ಸಲ ಹಾಟ್‌ಡಿಶ್ ಬಡಿಸಿದರು ಎಂದು ನಕ್ಕ.

ಆರ್ಲಿಸ್ ರೇಡಿಯೋ ಆರಿಸಿದಳು. ವರ್ಲಿನ್ ಬಾಗಿಲ ಬಳಿ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದ. ಮಂಡಿ ಮಡಿಸಲಾಗದೆ ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ ಕಟ್ಟುತ್ತಿದ್ದ. ಅವಳಿಗೆ ನಾಚಿಕೆಯಾಯಿತು. ತಾನು ಬಡಿಸಿದ್ದೇ ಗಂಡನ ಮಂಡಿಯ ಮೇಲೆ ಇನ್ನೆರಡು ವರ್ಷ ಹೊರಿಸಿತಲ್ಲ ಎಂದುಕೊಂಡಳು.

ಸಂಜೆ ಪಕ್ಕದ ಮನೆಯ ಡೊರೀನ್ ಕ್ಲಿಮೆಕ್ ಬಂದಳು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಪೋಲೆಂಡ್ ಮೂಲದವರೇ ತುಂಬಿರುವ ಊರಿನಿಂದ ಮದುವೆಯಾಗಿ ಬಂದವಳು. ಅಲ್ಲಿಯವರು ಊಟದ ಮೇಜಿನಲ್ಲೇ ಜಗಳವಾಡಿ, ಊಟ ಮುಗಿಯುವುದರೊಳಗೆ ರಾಜಿಯಾಗುವ ಜನ. ನೋರ್ಬಿಗೆ ಬಂದು ಎಷ್ಟು ವರ್ಷವಾದರೂ ಅವಳು ಕಾಫಿಗೆ ಮೊದಲ ಸಲಕ್ಕೇ ಹೂಂ ಅನ್ನುತ್ತಾಳೆ.

"ನಿನ್ನ ಹಾಟ್‌ಡಿಶ್ ವಾಷಿಂಗ್ಟನ್ ಮುಟ್ಟಿತಂತಲ್ಲ," ಎಂದಳು ಡೊರೀನ್, ಲೋಟ ಮುಂದಕ್ಕೆ ತಳ್ಳುತ್ತಾ.

"ಸುಮ್ನಿರು ಡೊರೀನ್. ಬೆಳಿಗ್ಗೆಯಿಂದ ಊಟ ಸೇರಿಲ್ಲ ನಂಗೆ."

"ನಿನ್ನ ಒಬ್ಬಳ ತಪ್ಪಲ್ಲ ಕಣೆ. ನಾನೂ ಅಲ್ಲೇ ಇದ್ದೆ, ನಿಂಬೆ ಕೇಕು ತಿಂತಾ ಕೂತಿದ್ದೆ. ಈಗ ಮತ್ತೆ ಕರೆಸೋಣ. ಅವನ ಕಚೇರಿ ಇದೆಯಲ್ಲ, ಅಲ್ಲಿಗೆ ಫೋನ್ ಮಾಡೋಣ. ನಾನೊಬ್ಬಳೇ ಮಾಡಿದ್ರೆ ಯಾರೋ ಮುದುಕಿ ಅಂತಾರೆ. ಬೀದಿಯವರೆಲ್ಲ ಮಾಡಿದ್ರೆ ತಾರೀಖು ಕೊಡ್ತಾರೆ."

ಕರೆಸುವುದಕ್ಕೆ ಆರ್ಲಿಸ್‌ಳ ಅಡ್ಡಿಯಿರಲಿಲ್ಲ. ಬಂದವನನ್ನು ಎಲ್ಲರೆದುರು ನಿಲ್ಲಿಸಿ ಕೇಳುವುದಕ್ಕೆ ಅಡ್ಡಿಯಿತ್ತು. ಬಂದ ಅತಿಥಿಗೆ ಮುಜುಗರ ಮಾಡುವುದು ತನ್ನಿಂದ ಆಗದು, ಜನ ಏನಂದುಕೊಂಡಾರು, ನಾವು ಕೇಳಿದರೆ ಎಷ್ಟು, ಬಿಟ್ಟರೆ ಎಷ್ಟು, ಅಲ್ಲಿ ದೊಡ್ಡ ದೊಡ್ಡವರು ತೀರ್ಮಾನ ಮಾಡುತ್ತಾರೆ ಎಂದು ಒಂದೊಂದಾಗಿ ಹೇಳಿದಳು. ಡೊರೀನ್ ಎಲ್ಲವನ್ನೂ ಕೇಳಿಸಿಕೊಂಡಳು.

"ಅವನು ಅತಿಥಿ ಅಂತ ಯಾರು ಹೇಳಿದ್ದು ನಿಂಗೆ? ನಾವು ಕೆಲಸಕ್ಕೆ ಇಟ್ಕೊಂಡಿರೋ ಮನುಷ್ಯ ಅವನು. ನಿನ್ನ ಅಡುಗೆಮನೆಗೆ ಹೊಸ ಹುಡುಗಿ ಬರ್ತಾಳೆ ಅಂತಿಟ್ಕೊ. ದೊಡ್ಡ ಪಾತ್ರೆ ತೊಳೆದ್ಯಾ ಅಂತ ನೀನು ಕೇಳ್ತೀಯ. ಅವಳು, 'ಶುಚಿತ್ವ ಅನ್ನೋದು ಬಹಳ ಮುಖ್ಯ ಮೇಡಂ' ಅಂತಾಳೆ. ನೀನು ಚಪ್ಪಾಳೆ ತಟ್ತೀಯಾ?"

ಆರ್ಲಿಸ್‌ಗೆ ನಗು ಬಂತು. "ತೊಳೆದ್ಯಾ ಇಲ್ವಾ ಅಂತ ಮತ್ತೆ ಕೇಳ್ತೀನಿ."

"ಆಗ ಅವಳು, 'ನಮ್ಮಮ್ಮನೂ ಪಾತ್ರೆ ತೊಳೀತಿದ್ರು' ಅಂತಾಳೆ."

"ಅವಳನ್ನ ಪಾತ್ರೆ ಹತ್ರಾನೇ ಕರ್ಕೊಂಡು ಹೋಗ್ತೀನಿ."

"ಅಷ್ಟೇ ನಾನು ಹೇಳ್ತಿರೋದು," ಎಂದಳು ಡೊರೀನ್. "ಇದರಲ್ಲಿ ಅವಮರ್ಯಾದೆ ಎಲ್ಲಿ ಬಂತು? ನಿನ್ನ ಸಂಬಳದಲ್ಲಿ, ವರ್ಲಿನ್ ಸಂಬಳದಲ್ಲಿ ಪ್ರತಿ ಸಲವೂ ಪಿಂಚಣಿಗೆ ಅಂತ ಹಿಡ್ಕೊಂಡಿರೋ ದುಡ್ಡು ಅದು. ಅವನ ಜೇಬಿಂದ ಕೇಳ್ತಾ ಇಲ್ಲ."

ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದ ವರ್ಲಿನ್ ಆಗ ಬಾಯಿ ಬಿಟ್ಟ. "ಏನಾದ್ರೂ ಮಾಡ್ಕೊಳ್ಳಿ. ನನ್ನ ಮಂಡಿ ಸುದ್ದಿ ಮಾತ್ರ ಎತ್ತಬೇಡಿ." ಹಾಗೆ ಹೇಳಿ ಎದ್ದು ಒಳಗೆ ಹೋದ. ಅವನು ಮೇಜು ಹಿಡಿದು ಏಳುವುದನ್ನು ಇಬ್ಬರೂ ನೋಡಿದರು, ನೋಡದವರಂತೆ ಕಾಫಿ ಕುಡಿದರು.

ಬೀದಿಯವರೆಲ್ಲ ಫೋನ್ ಮಾಡಿದರು, ಚಳಿಗಾಲ ಮುಗಿಯುವ ಮೊದಲು ತಾರೀಖು ಸಿಕ್ಕಿತು. ಡೊರೀನ್ ಬೀದಿಯ ನಾಲ್ಕಾರು ಮಂದಿಯನ್ನು ಕೂಡಿಸಿಕೊಂಡು ಮಾತಾಡಿದಳು. ಎಲ್ಲರೂ ಒಂದೇ ಕಡೆ ಗುಂಪಾಗಿ ಕೂರಬಾರದು. ಎದ್ದವರು ಮೊದಲು ಹೆಸರು, ಊರು, ಕೆಲಸ ಹೇಳಬೇಕು. ಭಾಷಣ ಮಾಡಬಾರದು, ಬೈಯಬಾರದು. ಒಂದೇ ಪ್ರಶ್ನೆ, ಅದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರ ಬರುವಂತಿರಬೇಕು. ಉತ್ತರ ಬರದಿದ್ದರೆ ಮುಂದೆ ಏಳುವವರು ತಮ್ಮ ಪ್ರಶ್ನೆ ಬಿಟ್ಟು ಅದನ್ನೇ ಕೇಳಬೇಕು. ಟರ್ಕಿ ಸಾಕುವ ಮಿಲ್‌ಫರ್ಡ್ ಎಂಬ ಮುದುಕನಿಗೆ ಹಳ್ಳದ ಸೇತುವೆಯ ಬಗ್ಗೆ ಕೇಳುವ ಆಸೆಯಿತ್ತು. ಅವನು ಬಹಳ ಹೊತ್ತು ಗೊಣಗಿ, ಕಡೆಗೆ ಒಪ್ಪಿದ.

ಆರ್ಲಿಸ್ ಎದ್ದು ಮಾತಾಡುವುದಕ್ಕೆ ಒಪ್ಪಲಿಲ್ಲ. ಅವಳು ಒಪ್ಪಿದ್ದು ಒಂದೇ ಒಂದಕ್ಕೆ, ಅದೂ ಎರಡು ದಿನ ಯೋಚಿಸಿ: ಪ್ರಶ್ನೆ ಮುಗಿಯುವವರೆಗೆ ಊಟ ಹೊರಗೆ ಬರುವುದಿಲ್ಲ.

ಇದು ಕೇಳುವುದಕ್ಕೆ ಚಿಕ್ಕ ವಿಷಯ. ನೋರ್ಬಿಯ ಚರ್ಚಿನ ನೆಲಮಾಳಿಗೆಯಲ್ಲಿ ಖಾಲಿ ಮೇಜು ಇಟ್ಟುಕೊಂಡು ಜನರನ್ನು ಸ್ವಾಗತಿಸುವುದು ಎಂದರೆ ಅವಳಿಗೆ ಅರ್ಧ ಬಟ್ಟೆಯಲ್ಲಿ ನಿಂತಂತೆ. ಆ ದಿನ ಬಂದವರೆಲ್ಲ ಮೊದಲು ಮೇಜು ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಓವನ್ನಿನಿಂದ ಆಲೂಗಡ್ಡೆ ಬೇಯುವ ವಾಸನೆ ಬರುತ್ತಿತ್ತು. ಕೆಂಟ್ ಒಳಗೆ ಬಂದವನೇ ಮೂಗರಳಿಸಿ, ಅದೇ ಅಲ್ಲವೇ ಎಂದು ಕೇಳಿದ. ಅದೇ, ಆದರೆ ಆಮೇಲೆ ಎಂದಳು ಆರ್ಲಿಸ್. ಅವಳ ಕಿವಿ ಬಿಸಿಯಾದವು.

ಮೊದಲು ಡೊರೀನ್ ಎದ್ದಳು. ಹೆಸರು ಹೇಳಿ, ಅಂಚೆ ಕಚೇರಿಯಲ್ಲಿದ್ದೆ ಎಂದು ಹೇಳಿ, ಕೇಳಿದಳು. "ಪೂರ್ತಿ ಪಿಂಚಣಿಯ ವಯಸ್ಸನ್ನ ಅರವತ್ತೊಂಬತ್ತಕ್ಕೆ ಏರಿಸೋ ಮಸೂದೆಗೆ ನೀವು ಮತ ಹಾಕ್ತೀರಾ?"

ಕೆಂಟ್ ಒಳ್ಳೆಯ ಪ್ರಶ್ನೆ ಎಂದ. ಈಗಾಗಲೇ ಪಿಂಚಣಿ ಪಡೆಯುತ್ತಿರುವ ಒಬ್ಬರಿಗೂ ಒಂದು ಪೈಸೆ ಕಡಿಮೆಯಾಗುವುದಿಲ್ಲ ಎಂದ. ತನ್ನ ತಾಯಿಯೂ ಪಿಂಚಣಿಯಲ್ಲೇ ಬದುಕುತ್ತಿದ್ದಾಳೆ, ಅವಳಿಗೆ ಅನ್ಯಾಯ ಮಾಡುವ ಮಗನಂತೆ ಕಾಣುತ್ತೇನೆಯೇ ಎಂದ. ಜನ ನಕ್ಕರು. ಯಾರೋ ಇಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.

ಕೋಣೆಯ ಇನ್ನೊಂದು ಮೂಲೆಯಿಂದ ಮಿಲ್‌ಫರ್ಡ್ ಎದ್ದ. "ನಾನು ಸೇತುವೆ ವಿಷಯ ಕೇಳೋಣ ಅಂತ ಬಂದೆ. ಅದನ್ನ ಬಿಟ್ಟಿದೀನಿ. ಡೊರೀನ್ ಕೇಳಿದ್ದೇ ನನ್ನ ಪ್ರಶ್ನೆ. ಮತ ಹಾಕ್ತೀರೋ ಇಲ್ವೋ?"

ಈ ಸಲ ಕೆಂಟ್ ನಗಲಿಲ್ಲ. ಇದು ಬಹಳ ಜಟಿಲ ವಿಷಯ, ನಿಧಿಯಲ್ಲಿ ಹಣ ಉಳಿಯಬೇಕಾದರೆ ಏನಾದರೂ ಮಾಡಲೇಬೇಕು, ತಜ್ಞರು ನೋಡುತ್ತಿದ್ದಾರೆ, ಎಲ್ಲ ಬಾಗಿಲನ್ನೂ ತೆರೆದಿಟ್ಟಿದ್ದೇನೆ ಎಂದ. ಮಿಲ್‌ಫರ್ಡ್ ಥ್ಯಾಂಕ್ಸ್ ಹೇಳಿ ಕುಳಿತ. ಪಾದ್ರಿಗಳು ಗಡಿಯಾರ ನೋಡಿದರು. ಬೇರೆ ಏನಾದರೂ ವಿಷಯ ಇದೆಯೇ ಎಂದು ಕೇಳಿದರು.

ಸಭೆ ಸುಮ್ಮನಾಯಿತು. ಈ ಮೌನ ಆರ್ಲಿಸ್‌ಗೆ ಚೆನ್ನಾಗಿ ಗೊತ್ತು. ಎರಡು ಸಲ ಕೇಳಿ ಆದ ಮೇಲೆ ಬರುವ ಮೌನ ಅದು. ಅತಿಥಿ ಎರಡು ಸಲ ಬೇಡ ಅಂದಿದ್ದಾನೆ, ಕಾಫಿ ಪಾತ್ರೆ ಕೈಯಲ್ಲಿದೆ, ಮನೆಯವಳು ಕೇಳುತ್ತಾಳೋ ಬಿಡುತ್ತಾಳೋ ಎಂದು ಎಲ್ಲರೂ ನೋಡುತ್ತಿರುತ್ತಾರೆ. ಇಲ್ಲಿ ಬಿಡುವುದು ಮರ್ಯಾದೆಯಲ್ಲ. ಜನ್ಮದಲ್ಲಿ ಅವಳು ಎರಡಕ್ಕೇ ಬಿಟ್ಟವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದಳು.

"ನಾನು ಆರ್ಲಿಸ್ ಟೋಲೆಫ್ಸನ್. ಶಾಲೆಯ ಅಡುಗೆಮನೆ ನೋಡ್ಕೋತೀನಿ. ಹೋದ ಸಲ ನಿಮಗೆ ಎರಡನೇ ಸಲ ಬಡಿಸಿದವಳು ನಾನೇ." ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. "ಕೆಂಟ್, ನೀವು ಈ ಕಡೆಯವರೇ. ನಿಮ್ಮಮ್ಮ ಕಾಫಿ ಹೇಗೆ ಕೇಳ್ತಾರೆ ಅಂತ ನಿಮಗೆ ಗೊತ್ತು. ಮೊದಲ ಸಲ, ಎರಡನೇ ಸಲ ಏನಾದ್ರೂ ಹೇಳ್ಬಹುದು, ಅದು ನಾಚಿಕೆಗೆ ಹೇಳೋ ಮಾತು. ಮೂರನೇ ಸಲ ಮನಸ್ಸಲ್ಲಿ ಇರೋದನ್ನ ಹೇಳ್ಬೇಕು. ಇದು ಮೂರನೇ ಸಲ. ಮತ ಹಾಕ್ತೀರಾ?"

ಜನ ನಕ್ಕರು, ಆಮೇಲೆ ನಗು ನಿಂತಿತು. ಕೆಂಟ್ ತಲೆ ತಗ್ಗಿಸಿದ. ಅವನೂ ಅದೇ ಮರ್ಯಾದೆಯಲ್ಲಿ ಬೆಳೆದವನು. ಮೂರನೆಯ ಸಲ ಕೇಳಿದವಳ ಎದುರು ಸುಳ್ಳು ಹೇಳುವುದು ಅವನಿಗೂ ಸುಲಭವಿರಲಿಲ್ಲ.

"ಹೌದು," ಎಂದ. "ಹಾಕೋಣ ಅಂತಿದ್ದೆ."

ಯಾರೂ ಕೂಗಾಡಲಿಲ್ಲ. ಆರ್ಲಿಸ್ ಅಲ್ಲೇ ನಿಂತಿದ್ದಳು. ಹೇಳಬೇಕಾದದ್ದು ಒಂದೇ ಇತ್ತು, ಅದನ್ನು ಹೇಳಬಾರದೆಂದು ಗಂಡ ತಡೆದಿದ್ದ. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ವರ್ಲಿನ್ ಏಳುತ್ತಿದ್ದ. ಮುಂದಿನ ಕುರ್ಚಿಯ ಬೆನ್ನು ಹಿಡಿದ. ಒಂದು ಕಾಲು ನೆಟ್ಟಗೆ ಮಾಡಿದ, ಉಸಿರು ತೆಗೆದುಕೊಂಡ, ಇನ್ನೊಂದು ಕಾಲು ನೆಟ್ಟಗೆ ಮಾಡಿದ. ಅಷ್ಟೂ ಹೊತ್ತು ಕೋಣೆಯೆಲ್ಲ ಅವನನ್ನೇ ನೋಡುತ್ತಿತ್ತು, ಕೆಂಟ್ ಕೂಡ.

"ವರ್ಲಿನ್ ಟೋಲೆಫ್ಸನ್. ಟರ್ಕಿ ಕಾರ್ಖಾನೆ. ನಿಂತು ಮಾಡೋ ಕೆಲಸ," ಎಂದ ಅವನು. "ಅರವತ್ತೇಳರವರೆಗೆ ನಿಲ್ತೀನಿ ಅಂತ ಅಂದ್ಕೊಂಡಿದೀನಿ. ಅದರ ಮೇಲೆ ಎರಡು ವರ್ಷ ನಾನು ನಿಲ್ಲಲಾರೆ. ಅಷ್ಟೇ."

ಅವನು ಕೂರುವುದಕ್ಕೂ ಅಷ್ಟೇ ಹೊತ್ತು ಹಿಡಿಯಿತು. ಆರ್ಲಿಸ್‌ಗೆ ಅಳು ಬಂತು. ಅವಳು ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಕೆಂಟ್ ವರ್ಲಿನ್‌ನ ಕಡೆ ತಿರುಗಿದ. ನಿಂತು ದುಡಿಯುವವರ ಬಗ್ಗೆ ಆ ಮಸೂದೆಯಲ್ಲಿ ಒಂದು ಸಾಲೂ ಇಲ್ಲ, ಅದು ನನಗೆ ಗೊತ್ತಿತ್ತು, ಅದರ ಮೇಲೆ ಮನಸ್ಸಿಟ್ಟಿರಲಿಲ್ಲ ಎಂದ. "ಇಂಥವರನ್ನ ಆ ಏರಿಕೆಯಿಂದ ಹೊರಗಿಡದೆ ಹೋದ್ರೆ ನಾನು ಅದಕ್ಕೆ ಮತ ಹಾಕಲ್ಲ."

"ಇದನ್ನ ರೇಡಿಯೋದಲ್ಲೂ ಹೇಳ್ತೀರಾ?" ಎಂದು ಡೊರೀನ್ ಕೂತಲ್ಲಿಂದಲೇ ಕೇಳಿದಳು. ಹೇಳ್ತೀನಿ ಎಂದ. ಅವಳು ಅದನ್ನೂ ಇನ್ನೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಆಮೇಲೆ ಓವನ್ ತೆರೆಯಿತು. ಮೇಲಿನ ಆಲೂಗಡ್ಡೆ ಸ್ವಲ್ಪ ಹೆಚ್ಚೇ ಕಪ್ಪಾಗಿತ್ತು. ಆರ್ಲಿಸ್ ತಟ್ಟೆ ಹಿಡಿದು ಕೆಂಟ್‌ನ ಬಳಿ ಹೋಗಿ, ಬಡಿಸಲೇ ಎಂದು ಕೇಳಿದಳು. ಇವತ್ತು ಅದಕ್ಕೆ ನನಗೆ ಯೋಗ್ಯತೆಯಿಲ್ಲ, ಬೇಡ ಎಂದ. ಮತ್ತೆ ಕೇಳಿದಳು. ಹೊತ್ತಾಯಿತು, ನಿಮಗೆ ಯಾಕೆ ತೊಂದರೆ ಎಂದ. ಮೂರನೆಯ ಸಲ ಕೇಳಿದಳು. ಅವನು ತಟ್ಟೆ ತೆಗೆದುಕೊಂಡು ಹೋಗಿ ವರ್ಲಿನ್‌ನ ಪಕ್ಕದಲ್ಲಿ ಕುಳಿತ.

ಮಾತಿನಂತೆ ಅವನು ರೇಡಿಯೋದಲ್ಲಿ ಹೇಳಿದ. ಮಸೂದೆ ಇನ್ನೂ ಬಿದ್ದಿಲ್ಲ, ಪಾಸೂ ಆಗಿಲ್ಲ. ಮುಂದಿನ ತಿಂಗಳು ಪಕ್ಕದ ಊರಿನಲ್ಲಿ ಕೆಂಟ್‌ನ ಇನ್ನೊಂದು ಸಭೆಯಿದೆ. ಹೇಳಿದ ಮಾತು ಏನಾಯಿತು ಎಂದು ಅಲ್ಲಿ ಕೇಳುವುದು ಆರ್ಲಿಸ್. ಇದನ್ನು ಡೊರೀನ್ ಹೇಳಿಕೊಡಬೇಕಾಗಲಿಲ್ಲ. ಕಾರು ಓಡಿಸುವುದು ವರ್ಲಿನ್, ಕೂತು ಮಾಡುವ ಕೆಲಸ ಎಷ್ಟಾದರೂ ಮಾಡುತ್ತೇನೆ ಎಂದು ಅವನು ಹೇಳಿದ್ದಾನೆ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಿನಲ್ಲೂ ಸಭೆ ನಡೆಯುತ್ತದೆ. ಅದು ಗ್ರಾಮಸಭೆಯಿರಲಿ, ವಾರ್ಡಿನ ಸಭೆಯಿರಲಿ, ನೀವು ಆರಿಸಿದ ಮನುಷ್ಯ ಅಲ್ಲಿಗೆ ಬರುತ್ತಾನೆ. ಬರದಿದ್ದರೆ ನಾಲ್ಕು ಮನೆಯವರು ಸೇರಿ ಕರೆಸಿ. ವಿಧವಾ ವೇತನವೋ, ವೃದ್ಧಾಪ್ಯ ವೇತನವೋ, ದುಡಿದು ಗಳಿಸಿದ ಪಿಂಚಣಿಯೋ, ನಿಮ್ಮ ಮನೆಯಲ್ಲಿ ಯಾರ ಮಂಡಿ ಅದಕ್ಕೆ ಕಾದಿದೆ ಎಂದು ನಿಮಗೇ ಗೊತ್ತು. ಬೈಯಬೇಡಿ, ಅಂಜಬೇಡಿ. ಹೆಸರು ಹೇಳಿ, ಒಂದೇ ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಪಕ್ಕದವರು ಅದನ್ನೇ ಕೇಳಲಿ. ಊಟ, ಹಾರ, ಫೋಟೊ ಎಲ್ಲ ಆಮೇಲೆ ಇರಲಿ. ಮನೆಗೆ ಬಂದವರಿಗೆ ಬಡಿಸುವಾಗ ಒಂದು ಸಲ ಕೇಳಿ ಬಿಡುತ್ತೇವೆಯೇ ನಾವು? ಇಲ್ಲೂ ಬಿಡಬೇಡಿ.